36 ರೂಪಾಯಿ ಮತ್ತು ಖಾಲಿ ಕೊಡ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಲೆಕ್ಕದ ಫೋಟೋ ನೋಡಿದೆ. ಬೆಂಗಳೂರಿನ ಆಟೋ ದರ ಅಲ್ವಾ? 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಎಕ್ಸ್ ಅಂದರೆ ಕಿಲೋಮೀಟರ್, ವೈ ಅಂದರೆ ಒಟ್ಟು ಬಾಡಿಗೆ ಅಂತ ಇಟ್ಟುಕೊಂಡು ನೀನು ವೈ = 18 ಎಕ್ಸ್ + 36 ಅಂತ ಬರೆದಿದ್ದೀಯ. ‘ಮಿನಿಮಮ್ ಚಾರ್ಜೇ ವೈ ಇಂಟರ್‌ಸೆಪ್ಟ್ ತಾನೇ, ತಪ್ಪು ಹೇಗೆ?’ ಅಂತ ಕೇಳಿದ್ದೀಯ. ವೈ ಇಂಟರ್‌ಸೆಪ್ಟ್ ಅಂದರೆ ಎಕ್ಸ್ ಸೊನ್ನೆಯಾದಾಗ ವೈ ಎಷ್ಟಿರುತ್ತದೋ ಅದು. ಸುಮ್ನೆ ಒಪ್ಪಿಕೊಳ್ಳದೆ ಕೇಳಿದೆಯಲ್ಲ, ನನಗೆ ತುಂಬಾ ಖುಷಿಯಾಯಿತು.

5 ಕಿಲೋಮೀಟರ್ ಹೋದೆ ಅಂದುಕೋ. ಮೊದಲ ಎರಡಕ್ಕೆ 36, ಉಳಿದ ಮೂರಕ್ಕೆ 54. ಒಟ್ಟು 90. ನಿನ್ನ ಸಮೀಕರಣದಲ್ಲಿ 126 ಬರುತ್ತದೆ. ಸರಿಯಾಗಿ 36 ರೂಪಾಯಿ ಜಾಸ್ತಿ! ಆ 36ರಲ್ಲಿ 2 ಕಿಲೋಮೀಟರ್ ಓಡಿಸಿದ ದುಡ್ಡು ಆಗಲೇ ಸೇರಿದೆ. ನೀನು ಅದೇ ದಾರಿಗೆ ಎರಡು ಸಲ ಕೊಟ್ಟೆ.

ಈಗ ಗ್ರಾಫ್ ಬಿಡಿಸು. 2ರಿಂದ ಮೇಲಕ್ಕೆ ಹೋಗುವ ಓರೆ ಗೆರೆಗೆ ಸ್ಕೇಲ್ ಇಟ್ಟು, ಪೆನ್ಸಿಲಿನಲ್ಲಿ ತೆಳುವಾಗಿ ಹಿಂದಕ್ಕೆ ಎಳೆ. 2ರಲ್ಲಿ 36, 1ರಲ್ಲಿ 18, 0ಯಲ್ಲಿ 0. ನೇರ ಮೂಲಬಿಂದುವಿಗೇ ಬಂತು ನೋಡು. ಅಂದರೆ ಆ ಗೆರೆ ಬರೀ ವೈ = 18 ಎಕ್ಸ್, ಅದರ ಇಂಟರ್‌ಸೆಪ್ಟ್ ಸೊನ್ನೆ. ಮೊದಲ 2 ಕಿಲೋಮೀಟರಿನ ಮಲಗಿದ ಗೆರೆ ಇದೆಯಲ್ಲ, 36 ಅದರ ಇಂಟರ್‌ಸೆಪ್ಟ್. ನೀನು ಒಂದು ಗೆರೆಯದನ್ನು ಇನ್ನೊಂದಕ್ಕೆ ಅಂಟಿಸಿದ್ದೀಯ, ಅಷ್ಟೇ.

ವೈ = ಎಂಎಕ್ಸ್ + ಸಿ ಸೂತ್ರದಲ್ಲಿ ಇಂಟರ್‌ಸೆಪ್ಟನ್ನು ಸಿ ಅಂತ ಬರೆಯುತ್ತಾರಲ್ಲ, ‘ಸಿ ಅಂದರೆ ಕೊನೆಯಲ್ಲಿ ಬರುವ ಸಂಖ್ಯೆ’ ಅಂತ ಬಾಯಿಪಾಠ ಮಾಡಬೇಡ ಕಂದ. ಎಕ್ಸ್ ಸೊನ್ನೆಯಾದಾಗ ಏನು ಉಳಿಯುತ್ತದೆ ಅಂತ ಪ್ರತಿ ಸಲ ಕೇಳಿಕೋ. ಹಾಗೇ ಗ್ರಾಫ್ ಹಾಳೆಯ ಎಡಗಡೆ ಅಂಚನ್ನೂ ನಂಬಬೇಡ. ಅಲ್ಲಿ ಎಕ್ಸ್ 2ರಿಂದಲೋ 10ರಿಂದಲೋ ಶುರುವಾಗಿರಬಹುದು.

ಮನೆಯಲ್ಲೇ ಒಂದು ಕೆಲಸ ಮಾಡು. ಸ್ಟೀಲ್ ಕೊಡಕ್ಕೆ 2 ಲೀಟರ್ ನೀರು ಅಳೆದು ಹಾಕಿ ತೂಗು. 3.2 ಕಿಲೋ ಬಂತು ಅನ್ನೋಣ. ಇನ್ನೂ 3 ಲೀಟರ್ ಹಾಕು, 6.2 ಆಗುತ್ತದೆ. ಲೀಟರಿಗೆ ಒಂದು ಕಿಲೋ ಏರಿತು. ಹಾಗಾದರೆ 2 ಲೀಟರ್ ಹಿಂದಕ್ಕೆ ಹೋದರೆ? 1.2 ಕಿಲೋ. ಅದು ಖಾಲಿ ಕೊಡದ ತೂಕ. ನೀರು ಚೆಲ್ಲದೇನೇ ಸಿಕ್ಕಿತಲ್ಲ! ಇಲ್ಲಿ ಇಂಟರ್‌ಸೆಪ್ಟನ್ನು ಕೈಯಲ್ಲಿ ಹಿಡಿದೇ ನೋಡಬಹುದು. ಆಮೇಲೆ ಆ ನೀರನ್ನು ತುಳಸಿಗೆ ಹಾಕಿ, ಬರೀ ಕೊಡ ತೂಗು.

ನಿಮ್ಮ ಕೊಡ ಎಷ್ಟು ತೂಗಿತು ಅಂತ ಬರೆ, ಕಾಯುತ್ತಿರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ