ಮುಳುಗಿ ಹೋದವರ ಹೆಸರು ಅಳಿಸಬೇಡಿ

ಮಾನ್ಯರೇ,

ಕಳೆದ ಭಾನುವಾರ ಮೊಮ್ಮಗನ ಜೊತೆ ಟಿ.ವಿ.ಯಲ್ಲಿ ‘ಯು-571’ ನೋಡಿದೆ. 2000ದಲ್ಲಿ ತೆರೆಕಂಡ ಹಾಲಿವುಡ್ ಸಿನಿಮಾ. 1942ರಲ್ಲಿ ಅಮೆರಿಕದ ನಾವಿಕರು ಕೆಟ್ಟು ನಿಂತ ಜರ್ಮನ್ ಜಲಾಂತರ್ಗಾಮಿಗೆ ನುಗ್ಗಿ ಎನಿಗ್ಮಾ ಗೂಢಲಿಪಿ ಯಂತ್ರ ವಶಪಡಿಸಿಕೊಳ್ಳುವ ಕಥೆ. ‘ಅಜ್ಜಾ, ಅಮೆರಿಕದವ್ರು ಇಲ್ದಿದ್ರೆ ಆ ಕೋಡ್ ಯಾರಿಗೂ ಸಿಗ್ತಿರ್ಲಿಲ್ಲ ಅಲ್ದಾ?’ ಎಂದ ಹುಡುಗ. ನೌಕಾಪಡೆಯ ರೇಡಿಯೊ ವಿಭಾಗದಲ್ಲಿ 15 ವರ್ಷ ದುಡಿದವನು ನಾನು. ಆ ಮಾತು ಕೇಳಿ ಸಂಕಟವಾಯಿತು.

1941ರ ಮೇ 9ರಂದೇ ಬ್ರಿಟನ್ನಿನ ‘ಬುಲ್‌ಡಾಗ್’ ಹಡಗಿನವರು ಜರ್ಮನ್ ಜಲಾಂತರ್ಗಾಮಿ ಯು-110ರೊಳಗೆ ಇಳಿದು ಯಂತ್ರವನ್ನೂ ಸಂಕೇತ ಪುಸ್ತಕಗಳನ್ನೂ ಹೊತ್ತು ತಂದಿದ್ದರು. ಅಮೆರಿಕ ಯುದ್ಧಕ್ಕಿಳಿದದ್ದು ಅದಾಗಿ ಏಳು ತಿಂಗಳಿಗೆ. ಇನ್ನೂ ಹಿಂದೆ, 1932ರಲ್ಲಿ, ಎನಿಗ್ಮಾದ ಗುಟ್ಟು ಬಿಡಿಸಿದವರು ಪೋಲೆಂಡಿನ ಗಣಿತಜ್ಞ ಮರಿಯಾನ್ ರೆಯೆವ್‌ಸ್ಕಿ.

ನನ್ನನ್ನು ಹೆಚ್ಚು ಕಾಡುವುದು 1942ರ ಅಕ್ಟೋಬರ್ 30ರ ರಾತ್ರಿ. ಮೆಡಿಟರೇನಿಯನ್ ಸಮುದ್ರದಲ್ಲಿ ಯು-559 ನೀರು ತುಂಬಿ ಮುಳುಗುತ್ತಿತ್ತು. ಬ್ರಿಟನ್ನಿನ ‘ಪೆಟಾರ್ಡ್’ ಹಡಗಿನಿಂದ ಟೋನಿ ಫ್ಯಾಸನ್, ಕಾಲಿನ್ ಗ್ರೇಜಿಯರ್ ಈಜಿ ಹೋಗಿ ಅದರೊಳಗೆ ಇಳಿದರು. ಜೊತೆಗೆ ಸೇರಿಕೊಂಡವನು ಹಡಗಿನ ಕ್ಯಾಂಟೀನ್ ಹುಡುಗ ಟಾಮಿ ಬ್ರೌನ್. ಅವನಿಗೆ ಆಗ 16 ವರ್ಷ. ಅವರಿಬ್ಬರು ಕೆಳಗಿನಿಂದ ಪುಸ್ತಕ ಕೊಟ್ಟರು, ಇವನು ಏಣಿ ಹತ್ತಿ ಮೇಲೆ ಸಾಗಿಸಿದ. ಜಲಾಂತರ್ಗಾಮಿ ಒಮ್ಮೆಲೇ ಮುಳುಗಿತು. ಹುಡುಗ ಉಳಿದ, ಅವರಿಬ್ಬರು ಅದರೊಂದಿಗೇ ತಳ ಸೇರಿದರು. ಫೆಬ್ರುವರಿಯಿಂದ ಹತ್ತು ತಿಂಗಳು ಓದಲಾಗದೆ ಕುಳಿತಿದ್ದ, ಬ್ರಿಟನ್ನಿನ ಗೂಢಲಿಪಿ ಬಿಡಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕಿನವರಿಗೆ ಡಿಸೆಂಬರಿನಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಸಂದೇಶ ಮತ್ತೆ ಬಿಡಿಸಲು ಆದದ್ದು ಆ ಪುಸ್ತಕಗಳಿಂದ. ಸಂಕೇತ ಪುಸ್ತಕಕ್ಕೆ ಎಷ್ಟು ಬೆಲೆಯೆಂದು ನನ್ನಂಥವರಿಗೆ ಗೊತ್ತು. ಪ್ರಾಣ ಕೊಟ್ಟು ಅದನ್ನು ಮೇಲೆ ತಂದವರ ಜಾಗದಲ್ಲಿ ಬೇರೆ ದೇಶದ ಸಮವಸ್ತ್ರ ತೊಟ್ಟ ನಟರನ್ನು ನಿಲ್ಲಿಸುವುದು ಸತ್ತವರ ಪಾಲನ್ನು ಕಸಿದಂತೆ.

ಬ್ರಿಟಿಷ್ ಹಡಗುಗಳನ್ನು ನೆನೆಯುವ ನಾಲ್ಕು ಸಾಲು ಕೊನೆಯಲ್ಲಿ ಬರುತ್ತವೆ, ನಿಜ. ಅಷ್ಟರಲ್ಲಿ ಹುಡುಗ ಊಟಕ್ಕೆ ಎದ್ದಿದ್ದ. ಅಮೆರಿಕಕ್ಕೆ ತನ್ನದೇ ಸಾಹಸವೂ ಇತ್ತು: 1944ರ ಜೂನ್‌ನಲ್ಲಿ ಅದರ ನೌಕಾಪಡೆ ಯು-505 ಅನ್ನು ಇಡಿಯಾಗಿ ಹಿಡಿದಿತ್ತು. ಅದನ್ನೇ ಸಿನಿಮಾ ಮಾಡಬಹುದಿತ್ತಲ್ಲ! ಚಿತ್ರಕಥೆ ಬರೆದವರಲ್ಲೊಬ್ಬರಾದ ಡೇವಿಡ್ ಏಯರ್, ಅಮೆರಿಕದ ಪ್ರೇಕ್ಷಕರಿಗಾಗಿ ಇತಿಹಾಸ ತಿರುಚಿದ್ದು ಹೌದೆಂದು 2006ರಲ್ಲಿ ಒಪ್ಪಿಕೊಂಡರು. ಆ ಒಪ್ಪಿಗೆ ಟಿ.ವಿ. ನೋಡುವ ಮಕ್ಕಳಿಗೆ ತಲುಪುವುದು ಹೇಗೆ?

ನಾಳೆ ನಮ್ಮ ದೇಶದವರು ಇನ್ನೊಬ್ಬರ ಸಾಹಸವನ್ನು ತಮ್ಮದೆಂದು ತೋರಿಸಿದರೂ ನಾನು ಇದೇ ಪತ್ರ ಬರೆಯುತ್ತೇನೆ. ಯುದ್ಧದ ಸಿನಿಮಾಗಳನ್ನು ಪರಿಚಯಿಸುವಾಗ ನಿಮ್ಮ ಸಿನಿಮಾ ಪುಟದಲ್ಲಿ, ನಿಜವಾಗಿ ನಡೆದದ್ದೇನು ಎಂಬ ಎರಡು ಸಾಲು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ನಾವಿಕ, ಕುಮಟಾ