ಒಂದು ಸೆಕೆಂಡು ಅಂದರೆ ಒಂದೇ ಸೆಕೆಂಡು: ಯಾಶಿಕಾಗೆ ಮರುಜೀವ ಕೊಟ್ಟವರಿಗೆ ನಮಸ್ಕಾರ

ಲ್ಯಾಬಿನಿಂದ '120' ಅಳತೆಯ ಒಂದು ಫಿಲ್ಮ್ ರೋಲು ತೊಳೆದು ಬಂದಿದೆ. 12 ಚೌಕಗಳೂ ಸ್ವಚ್ಛ. ಒಂದರ ಮೇಲೊಂದು ಏರಿಲ್ಲ, ಅಂಚಿನಲ್ಲಿ ಬೆಳಕು ನುಗ್ಗಿಲ್ಲ, ಫೋಕಸ್ ಇಟ್ಟ ಜಾಗದಲ್ಲೇ ಫೋಕಸ್ ಇದೆ. ನಮ್ಮ ಹಳೆಯ ಫಿಲ್ಮ್ ಕ್ಯಾಮೆರಾ ಯಾಶಿಕಾ ಮ್ಯಾಟ್-124 ಜಿ ಮತ್ತೆ ಕೆಲಸಕ್ಕೆ ಬಂತು ಎಂದು ಈಗ ಧೈರ್ಯವಾಗಿ ಹೇಳಬಹುದು. ಇದಕ್ಕೆ ಕೈ ಹಚ್ಚಿದವರಲ್ಲಿ ಹೆಚ್ಚಿನವರು ಕ್ಯಾಮೆರಾದವರೇ ಅಲ್ಲ. ಅವರವರ ಕಸುಬಿನಿಂದ ಒಂದೊಂದು ತಿಳಿವಳಿಕೆ ತಂದು ಕೊಟ್ಟವರು. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಹಾಗಾಗಿ ಅವರು ಹೇಳಿಕೊಟ್ಟದ್ದನ್ನೇ ಬರೆದು ಋಣ ತೀರಿಸುತ್ತೇವೆ. ಇದೇ ಕ್ಯಾಮೆರಾ ಅಟ್ಟದಲ್ಲಿ ಇಟ್ಟುಕೊಂಡವರಿಗೂ ಉಪಯೋಗವಾದೀತು.

ಮೊದಲು ಕ್ಯಾಮೆರಾದ ವಿಷಯ. 1970ರಿಂದ 1986ರವರೆಗೆ ಜಪಾನಿನಲ್ಲಿ ತಯಾರಾದ, ಎರಡು ಕಣ್ಣಿನ ರಿಫ್ಲೆಕ್ಸ್ ಇದು. ಮೇಲಿನ ಲೆನ್ಸು ನೋಡಲಿಕ್ಕೆ, 80 ಮಿ.ಮೀ. ಎಫ್/2.8, ಕೆಳಗಿನದು ಚಿತ್ರ ತೆಗೆಯಲಿಕ್ಕೆ, 80 ಮಿ.ಮೀ. ಎಫ್/3.5, ನಾಲ್ಕು ಗಾಜಿನ ಯಾಶಿನಾನ್. ಒಳಗೆ ಕೋಪಾಲ್ ಕಂಪನಿಯ ಎಲೆ ಶಟರ್, ಅಂದರೆ ತೆಳು ತಗಡಿನ ಎಲೆಗಳು ತೆರೆದು ಮುಚ್ಚಿ ಬೆಳಕು ಬಿಡುವ ಬಾಗಿಲು, 1 ಸೆಕೆಂಡಿನಿಂದ 1/500ರವರೆಗೆ. ನಮಗೆ ಸಿಕ್ಕಿದ್ದು ಮಲೆನಾಡಿನ ಮಳೆಗಾಲಗಳನ್ನು ಕಪಾಟಿನಲ್ಲೇ ಕಳೆದ ಕ್ಯಾಮೆರಾ. 1/15ಕ್ಕಿಂತ ನಿಧಾನದ ವೇಗಗಳೆಲ್ಲ ಅರ್ಧಕ್ಕೆ ನಿಲ್ಲುತ್ತಿದ್ದವು, ಗಾಜಿನಲ್ಲಿ ಫಂಗಸ್ ಇತ್ತು, ಬೆಳಕು ಅಳೆಯುವ ಮೀಟರಿನ ಮುಳ್ಳು ಮಲಗಿತ್ತು.

ಮೊದಲ ನಮಸ್ಕಾರ ಸ್ಟುಡಿಯೊ ಯಜಮಾನರಿಗೆ. ಮದುವೆ ಆಲ್ಬಮ್ಮುಗಳಿಗೆ ದುಡಿದು ಸತ್ತ ಇನ್ನೊಂದು 124 ಜಿಯನ್ನು ಅವರು ಗುಜರಿಗೆ ಹಾಕದೆ ನಮಗೆ ಕೊಟ್ಟರು. ಈ ಮಾದರಿಯ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಇನ್ನೊಂದು ಕ್ಯಾಮೆರಾವೇ ಅಂಗಡಿ. ಭಾಗಗಳಿಗಿಂತ ದೊಡ್ಡ ಲಾಭ ಇನ್ನೊಂದಿದೆ: ಸತ್ತದ್ದನ್ನು ಮೊದಲು ಬಿಚ್ಚಿದರೆ ಯಾವ ಸ್ಪ್ರಿಂಗು ಎಲ್ಲಿಂದ ಹಾರುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಒಂದು ಕ್ಯಾಮೆರಾ ರಿಪೇರಿಗೆ ಎರಡು ಕ್ಯಾಮೆರಾ ಬೇಕು ಎನ್ನುವುದು ದುಂದುಗಾರಿಕೆಯಂತೆ ಕೇಳಿಸುತ್ತದೆ, ಆದರೆ ಅದೇ ಅಗ್ಗದ ದಾರಿ.

ಎರಡನೆಯದು ಬೈಕ್ ಮೆಕ್ಯಾನಿಕ್‌ಗೆ. ಯಮಹಾ ಆರ್‌ಎಕ್ಸ್ 100ರ ಕಾರ್ಬುರೇಟರ್ ಬಿಚ್ಚಿ ಬಿಚ್ಚಿ ಪಳಗಿದ ಕೈ ಅದು. ಸ್ಕ್ರೂ ನೋಡಿದ ಕೂಡಲೇ "ಇದು ಫಿಲಿಪ್ಸ್ ಅಲ್ಲ ಸಾರ್, ಜಪಾನಿ ಕ್ರಾಸು. ಬೇರೆ ಡ್ರೈವರ್ ತನ್ನಿ" ಅಂದರು. ಜೆಐಎಸ್ ಎಂಬ ಜಪಾನಿ ಅಳತೆಯ ಸ್ಕ್ರೂಗೆ ಸಾಧಾರಣ ಫಿಲಿಪ್ಸ್ ಡ್ರೈವರ್ ಹಾಕಿದರೆ ತುದಿ ತಳ ಮುಟ್ಟುವುದಿಲ್ಲ. ಜೋರು ಮಾಡಿದಾಗ ಮೇಲೆ ಜಾರಿ ತಲೆಯನ್ನು ಸವೆಸುತ್ತದೆ. ನಮ್ಮಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುವ ಹಳೆಯ ಜಪಾನಿ ಕ್ಯಾಮೆರಾಗಳ ಸ್ಕ್ರೂ ತಲೆಗಳು ಅಷ್ಟೊಂದು ಕೆಟ್ಟಿರುವುದು ಇದರಿಂದಲೇ. 00 ಮತ್ತು 0 ಅಳತೆಯ ಜೆಐಎಸ್ ಡ್ರೈವರ್ ಎರಡಿದ್ದರೆ ಈ ಕ್ಯಾಮೆರಾದ ಬಹುಪಾಲು ಕೆಲಸ ಮುಗಿಯುತ್ತದೆ. ಅಲುಗಾಡದ ಸ್ಕ್ರೂಗೆ ಕಾರ್ಖಾನೆಯಲ್ಲಿ ಲ್ಯಾಕರ್ ಹಚ್ಚಿರುತ್ತಾರೆ. ಸೂಜಿಯ ತುದಿಯಲ್ಲಿ ಒಂದು ತೊಟ್ಟು ಅಸಿಟೋನ್ ಇಟ್ಟು ಎರಡು ನಿಮಿಷ ಕಾದರೆ ಬಿಡುತ್ತದೆ. ಪ್ಲಾಸ್ಟಿಕ್ಕು, ಬಣ್ಣ, ಅಕ್ಷರಗಳ ಹತ್ತಿರ ಮಾತ್ರ ಅಸಿಟೋನ್ ಸುಳಿಯಬಾರದು.

ಇನ್ನು ವಾಚ್ ರಿಪೇರಿ ಅಜ್ಜ. ಅವರಿಗೆ ಎಷ್ಟು ಹೇಳಿದರೂ ಸಾಲದು, ಯಾಕೆಂದರೆ ಈ ಕ್ಯಾಮೆರಾದ ಮುಖ್ಯ ಕಾಯಿಲೆಯೇ ಗಡಿಯಾರದ್ದು.

ನಿಧಾನ ವೇಗಗಳನ್ನು ಅಳೆಯುವುದು ಶಟರ್ ಒಳಗಿರುವ ಒಂದು ಪುಟ್ಟ ಗೇರು ಸಾಲು. ಸ್ಪ್ರಿಂಗು ದೂಡುತ್ತದೆ, ಗೇರುಗಳು ತಿರುಗುತ್ತವೆ, ಕೊನೆಯ ಗಾಲಿಯನ್ನು ಪ್ಯಾಲೆಟ್ ಎಂಬ ಕವಲು ಹಿಡಿದು ಬಿಟ್ಟು ಹಿಡಿದು ಬಿಟ್ಟು ತಡೆಯುತ್ತದೆ. ಗಾಳಿಗೆ ಒಡ್ಡಿಕೊಂಡ ಹಳೆಯ ಎಣ್ಣೆ ದಶಕಗಳಲ್ಲಿ ಗಟ್ಟಿಯಾಗಿ ಗೇರುಗಳು ತಿರುಗುವ ಮೊಳೆಗಳಲ್ಲಿ (ಅಚ್ಚುಗಳಲ್ಲಿ) ಅಂಟಾಗುತ್ತದೆ. 1/125, 1/250ರಲ್ಲಿ ಈ ಸಾಲಿನ ಪಾತ್ರ ಕಡಿಮೆ, ಹಾಗಾಗಿ ಅವು ಸರಿಯಾಗಿಯೇ ಕೇಳಿಸುತ್ತವೆ. 1 ಸೆಕೆಂಡಿಗೆ ಇಟ್ಟಾಗ ಮಾತ್ರ ಗುರ್ ಎಂದು ಶುರುವಾಗಿ ನಡುವೆ ನಿಂತುಬಿಡುತ್ತದೆ; ಬೆರಳಲ್ಲಿ ತಟ್ಟಿದರೆ ಮುಂದೆ ಸಾಗುತ್ತದೆ. ಹಳೆಯ ಕ್ಯಾಮೆರಾ ಕೊಳ್ಳುವಾಗ ಕಿವಿ ಕೊಟ್ಟು ಪರೀಕ್ಷಿಸಬೇಕಾದ್ದು ಇದನ್ನೇ. ಮಾರುವವರು ಸಾಮಾನ್ಯವಾಗಿ 1/125ರಲ್ಲಿ ಕ್ಲಿಕ್ ಮಾಡಿ ತೋರಿಸುತ್ತಾರೆ.

ಅಂತರ್ಜಾಲದಲ್ಲೆಲ್ಲ ಸಿಗುವ ಸಲಹೆ ಏನೆಂದರೆ, ಮುಂದಿನ ಗಾಜು ಬಿಚ್ಚಿ ಶಟರ್ ಮೇಲೆ ಲೈಟರ್ ಫ್ಲೂಯಿಡ್ ಸುರಿದು ಹತ್ತಾರು ಸಲ ಕ್ಲಿಕ್ ಮಾಡುವುದು. ಆಗ ಕೂಡಲೇ ಸರಿಹೋದಂತೆ ಕಾಣುತ್ತದೆ. ಅಜ್ಜ ಅದನ್ನು ಒಪ್ಪಲಿಲ್ಲ. ದ್ರಾವಕ ಕೊಳೆಯನ್ನು ಕರಗಿಸುತ್ತದೆ, ಆದರೆ ಹೊರಗೆ ಒಯ್ಯುವುದಿಲ್ಲ. ಆರಿದ ಮೇಲೆ ಅದೇ ಕೊಳೆ ತೆಳುವಾಗಿ ಹರಡಿ ಮೊಳೆಗಳಲ್ಲೂ ಎಲೆಗಳ ಮೇಲೂ ಕೂರುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ಅದೇ ರಾಗ. ಕೊಳೆಯನ್ನು ಹೊರಗೆ ತೆಗೆಯಬೇಕಾದರೆ ಗೇರು ಸಾಲನ್ನೇ ಹೊರಗೆ ತೆಗೆಯಬೇಕು ಎನ್ನುವುದು ಅವರ ವಾದ.

ಮಾಡಿದ್ದು ಹೀಗೆ. ಮುಂಭಾಗದ ಚರ್ಮದ ಹೊದಿಕೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಅಂಟು ಮೆತ್ತಗಾದ ಮೇಲೆ ಚಪ್ಪಟೆ ಬಿದಿರು ಕಡ್ಡಿಯಿಂದ ನಿಧಾನವಾಗಿ ಎತ್ತುವುದು. ಅದರಡಿಯ ನಾಲ್ಕು ಸ್ಕ್ರೂ ತೆಗೆದರೆ ಮುಂದಿನ ತಟ್ಟೆ ಬರುತ್ತದೆ. ತೆಗೆಯುವ ಮೊದಲು ವೇಗದ ಚಕ್ರ, ಅಪರ್ಚರ್ (ಬೆಳಕಿನ ಕಿಂಡಿಯ ಅಗಲ) ಚಕ್ರ ಎರಡೂ ಯಾವ ಅಂಕಿಯ ಮೇಲಿದ್ದವು ಎಂದು ಫೋಟೊ ತೆಗೆದಿಡಬೇಕು. ಮತ್ತೆ ಕೂರಿಸುವಾಗ ಅದೇ ಅಂಕಿ ಇರದಿದ್ದರೆ ಚಕ್ರ ಒಂದು ಹೇಳುತ್ತದೆ, ಶಟರ್ ಇನ್ನೊಂದು ಮಾಡುತ್ತದೆ. ಯಾವುದೇ ಮೂಲೆಯಲ್ಲಿ ಕಾಗದದಷ್ಟು ತೆಳ್ಳನೆಯ ವಾಷರ್ ಸಿಕ್ಕರೆ ಅದು ಯಾವ ಮೂಲೆಯದು ಎಂದು ಗುರುತು ಹಾಕಿಡಿ. ಲೆನ್ಸು ಫಿಲ್ಮಿಗೆ ನೇರವಾಗಿ ನಿಲ್ಲುವುದು ಅಂಥ ಚೂರುಗಳಿಂದ. ಲೆನ್ಸಿನ ಮುಂದಿನ ಗುಂಪನ್ನು ರಬ್ಬರ್ ಬಿರಡೆ ಒತ್ತಿ ತಿರುಗಿಸಿದರೆ ಸಾಕು, ಗಾಜಿಗೆ ಗೀರು ಬೀಳುವುದಿಲ್ಲ.

ಶಟರ್ ಮುಖ ತೆರೆದ ಮೇಲೆ ಗೇರು ಸಾಲು ಒಂದೇ ಗಂಟಾಗಿ ಕೂತಿರುವುದು ಕಾಣುತ್ತದೆ. ಇಲ್ಲಿ ಅಜ್ಜ ಹೇಳಿದ ಮಾತೇ ಇಡೀ ಕೆಲಸದ ಪ್ರಾಣ: ಬಿಚ್ಚುವ ಮೊದಲು ಅದರ ಅಂಚಿನುದ್ದಕ್ಕೂ ಸೂಜಿಯಿಂದ ಗೆರೆ ಎಳೆಯಿರಿ. ಗಂಟು ಕೂದಲೆಳೆಯಷ್ಟು ಆಚೀಚೆ ಕೂತರೂ ನಿಧಾನ ವೇಗಗಳೆಲ್ಲ ಬದಲಾಗುತ್ತವೆ, ಏಕೆಂದರೆ ಕಾರ್ಖಾನೆಯವರು ವೇಗ ಹೊಂದಿಸಿದ್ದೇ ಅದನ್ನು ಸರಿಸಿ. ಹೊರಬಂದ ಗಂಟನ್ನು ಮುಚ್ಚಳದ ಗಾಜಿನ ಸೀಸೆಯಲ್ಲಿ ಲೈಟರ್ ಫ್ಲೂಯಿಡ್‌ಗೆ ಹಾಕಿ ಅಲುಗಿಸಬೇಕು. ದ್ರಾವಕ ಹಳದಿಯಾದರೆ ಚೆಲ್ಲಿ ಹೊಸದು, ತಿಳಿಯಾಗಿ ಉಳಿಯುವವರೆಗೆ. ಪೆಟ್ರೋಲ್ ಬೇಡ, ಅದರಲ್ಲಿ ಬೆರೆಸಿದ ವಸ್ತುಗಳು ಆರಿದ ಮೇಲೆ ಪದರವಾಗಿ ಉಳಿಯುತ್ತವೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೇವರ ದೀಪವೂ ಉರಿಯುತ್ತಿರಬಾರದು.

ಎಣ್ಣೆ ಎಲ್ಲಿ, ಎಷ್ಟು? ಮೊಳೆಗಳು ತಟ್ಟೆಯೊಳಗೆ ಕೂರುವ ತೂತುಗಳಿಗೆ ಮಾತ್ರ ವಾಚ್ ಎಣ್ಣೆ, ಅದೂ ಸೂಜಿ ಮುಟ್ಟಿಸಿದಷ್ಟು. ಗೇರಿನ ಹಲ್ಲಿಗೆ ಬೇಡ, ಪ್ಯಾಲೆಟ್‌ಗೆ ಬೇಡ. ಶಟರ್ ಎಲೆಗಳಿಗಂತೂ ಯಾವ ಕಾಲಕ್ಕೂ ಬೇಡ. ಒಂದರ ಮೇಲೊಂದು ಜಾರುವ ಅಷ್ಟು ತೆಳು ತಗಡುಗಳ ನಡುವೆ ಎಣ್ಣೆ ಸೇರಿದರೆ ಒದ್ದೆ ಗಾಜುಗಳ ಹಾಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎಲೆಗಳನ್ನು ದ್ರಾವಕದಲ್ಲಿ ಅದ್ದಿದ, ನಾರು ಬಿಡದ ಕಾಗದದಿಂದ ಒರೆಸಿ, ಕಾಗದದ ಮೇಲೆ ಗುರುತು ಬೀಳದಷ್ಟು ಸ್ವಚ್ಛವಾದ ಮೇಲೆ ಒಣಗಲು ಬಿಟ್ಟರಾಯಿತು. ಸೆಲ್ಫ್‌ಟೈಮರ್ ಗೇರನ್ನು ಮುಟ್ಟಲಿಲ್ಲ. ಹಳೆಯ ಶಟರುಗಳಲ್ಲಿ ಅದು ನಡುವೆ ಸಿಕ್ಕಿಕೊಂಡು ಇಡೀ ಶಟರನ್ನೇ ಕಟ್ಟಿಹಾಕುವುದುಂಟು. ಅದರ ಸನ್ನೆಯನ್ನು ತಳ್ಳದಿದ್ದರೆ ಅದರ ಉಸಾಬರಿಯೇ ಇಲ್ಲ.

ಅಜ್ಜನ ಕಿವಿ ಒಂದು ಸೆಕೆಂಡನ್ನು ಒಪ್ಪಿತು. 1/250ನ್ನು ಕಿವಿ ಅಳೆಯಲಾರದು. ಅದಕ್ಕೆ ನೆರವಾದದ್ದು ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಫೋಟೊಟ್ರಾನ್ಸಿಸ್ಟರ್ ಒಂದನ್ನು 3.5 ಮಿ.ಮೀ. ಜ್ಯಾಕಿಗೆ ಬೆಸುಗೆ ಹಾಕಿ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದರು. ಕ್ಯಾಮೆರಾದ ಹಿಂದೆ ಅದು, ಮುಂದೆ ಟಾರ್ಚು. ಧ್ವನಿ ಮುದ್ರಿಸುವ ತಂತ್ರಾಂಶದಲ್ಲಿ ಶಟರ್ ತೆರೆದಾಗ ಒಂದು ಏರು, ಮುಚ್ಚಿದಾಗ ಒಂದು ಇಳಿತ. ಸೆಕೆಂಡಿಗೆ 44,100 ಮಾದರಿಗಳಂತೆ ಮುದ್ರಿಸಿದರೆ 1/500ಕ್ಕೆ ಸುಮಾರು 88 ಮಾದರಿ, 1/125ಕ್ಕೆ ಸುಮಾರು 353. ಎಲೆ ಶಟರ್ ತೆರೆಯಲಿಕ್ಕೂ ಮುಚ್ಚಲಿಕ್ಕೂ ಸಮಯ ಹಿಡಿಯುತ್ತದೆ, ಆದ್ದರಿಂದ ಗೆರೆಯ ಅರ್ಧ ಎತ್ತರದಲ್ಲಿ ಅಳೆಯಬೇಕು. ಮೈಕ್ ತೂತು ಸ್ಥಿರ ವೋಲ್ಟೇಜನ್ನು ಹಿಡಿದಿಡುವುದಿಲ್ಲ. ಹಾಗಾಗಿ 1 ಸೆಕೆಂಡಿನ ಗೆರೆ ನಡುವೆ ಕುಸಿದು ಎರಡು ಮುಳ್ಳಾಗಿ ಕಾಣುತ್ತದೆ. ಅದು ಶಟರಿನ ದೋಷವಲ್ಲ, ಮುಳ್ಳುಗಳ ನಡುವಿನ ಅಂತರ ಅಳೆದರೆ ಸಾಕು. ಟ್ಯೂಬ್‌ಲೈಟಿನ ಕೆಳಗೆ ಮಾಡಬೇಡಿ: ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಗೆರೆಯೆಲ್ಲ ಹಲ್ಲುಹಲ್ಲಾಗುತ್ತದೆ. ಕೆಲವು ಎಲ್‌ಇಡಿ ಟಾರ್ಚುಗಳದ್ದೂ ಅದೇ ಚಾಳಿ. ಬಿಸಿಲು ಎಲ್ಲಕ್ಕಿಂತ ನಂಬಿಕಸ್ಥ. ಇಷ್ಟು ಹಳೆಯ ಎಲೆ ಶಟರು 1/500ರ ಜಾಗದಲ್ಲಿ 1/350 ಕೊಟ್ಟರೆ ಅದು ಅರ್ಧ ಸ್ಟಾಪಿನ ವ್ಯತ್ಯಾಸ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ). ನೆಗೆಟಿವ್ ಫಿಲ್ಮು ಅದನ್ನು ನುಂಗಿಕೊಳ್ಳುತ್ತದೆ. ಆ ಸ್ಪ್ರಿಂಗನ್ನು ಬಿಗಿ ಮಾಡುವ ಆಸೆ ಬಿಡಿ.

ಫಂಗಸ್ ವಿಷಯದಲ್ಲಿ ಕನ್ನಡಕದ ಅಂಗಡಿಯವರಿಗೆ ಋಣಿ. ಗಾಜಿನ ಮೇಲಿನ ಜೇಡರ ಬಲೆಯಂಥದ್ದು ಬರೀ ಕೊಳೆಯೋ, ಅಥವಾ ಆಮ್ಲ ಬಿಟ್ಟು ಲೇಪನವನ್ನೇ ಕೊರೆದಿದೆಯೋ ಎಂದು ಓರೆ ಬೆಳಕಿನಲ್ಲಿ ನೋಡಿ ಹೇಳಿದರು. ಕೊಳೆಯಾದರೆ ಹೋಗುತ್ತದೆ, ಕೊರೆದಿದ್ದರೆ ಹೋಗುವುದಿಲ್ಲ. ಔಷಧಿ ಅಂಗಡಿಯ 6% ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ 3% ಆಗುತ್ತದೆ. ಅದರಲ್ಲಿ ಹತ್ತಿ ಅದ್ದಿ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ, ಆಮೇಲೆ ಆಲ್ಕೊಹಾಲಿನಿಂದ ಮತ್ತೊಮ್ಮೆ. ಎರಡು ಗಾಜು ಅಂಟಿಸಿದ ಜೋಡಿಯ ನಡುವೆ ಫಂಗಸ್ ಹೊಕ್ಕಿದ್ದರೆ ಅದು ಮನೆಯ ಕೆಲಸವಲ್ಲ. ಬಿಡಿಸಿ ಮತ್ತೆ ಅಂಟಿಸುವುದರಲ್ಲಿ ಕೇಂದ್ರ ತಪ್ಪಿದರೆ ಲೆನ್ಸು ಪೇಪರ್‌ವೇಟ್ ಆಗುತ್ತದೆ.

ಕನ್ನಡಿಯ ವಿಷಯ ಚುಟುಕಾಗಿ. ಹುಡ್ಡಿನ (ಮೇಲಿನ ಮಡಚುವ ಮುಚ್ಚಳದ) ನಾಲ್ಕು ಸ್ಕ್ರೂ ತೆಗೆದರೆ ಫೋಕಸಿಂಗ್ ಗಾಜು, ಅದರಡಿ ಕನ್ನಡಿ. ಇದರ ಬೆಳ್ಳಿ ಲೇಪ ಗಾಜಿನ ಹಿಂದೆ ಅಲ್ಲ, ಮೇಲಿದೆ. ಬಟ್ಟೆ ಒತ್ತಿ ಒರೆಸಿದರೆ ಲೇಪವೇ ಎದ್ದು ಬರುತ್ತದೆ. ಊದಿ ಬಿಡಿ, ಅಷ್ಟೇ.

ಫೋಕಸ್ ಹೊಂದಿಸುವುದಕ್ಕೆ ಕೆರೆ ಏರಿಯ ಆಚೆಯ ಮೊಬೈಲ್ ಟವರ್ ನೆರವಾಯಿತು, ಅದಕ್ಕೂ ಒಂದು ನಮಸ್ಕಾರ. ಫಿಲ್ಮ್ ಕೂರುವ ಜಾಗದಲ್ಲಿ ಎರಡು ಜೊತೆ ಹಳಿಗಳಿವೆ. ಫಿಲ್ಮು ಮಲಗುವುದು ಒಳಗಿನ ಹಳಿಗಳ ಮೇಲೆ, ಉಜ್ಜುಗಾಜನ್ನು (ಚಿತ್ರ ಮೂಡಿ ಕಾಣುವ ಮಸುಕು ಗಾಜನ್ನು) ಅಲ್ಲೇ ಇಡಬೇಕು. ಹೊರಗಿನ ಹಳಿಗಳ ಮೇಲೆ ಇಟ್ಟರೆ ಎಲ್ಲವೂ ಸುಳ್ಳು ಲೆಕ್ಕ. ಕೇಬಲ್ ರಿಲೀಸಿನಿಂದ ಶಟರನ್ನು 'ಬಿ'ಯಲ್ಲಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಗುರುತಿನಲ್ಲಿ) ತೆರೆದಿಟ್ಟು, ಎಫ್/3.5ರಲ್ಲಿ, 10 ಪಟ್ಟಿನ ಭೂತಗನ್ನಡಿಯಿಂದ ಟವರ್ ಚೂಪಾಗುವಂತೆ ಫೋಕಸ್ ಗುಂಡಿ ತಿರುಗಿಸಿ. ಆಗ ಮೇಲಿನ ಗಾಜಿನಲ್ಲೂ ಅದು ಚೂಪಾಗಿರಬೇಕು. ಇಲ್ಲದಿದ್ದರೆ ಸರಿಪಡಿಸಬೇಕಾದ್ದು ಮೇಲಿನ ಲೆನ್ಸು, ಕೆಳಗಿನದನ್ನು ಮುಟ್ಟಬಾರದು.

ಮೀಟರ್ ಬದುಕಿದ್ದು ಕಿವಿಯಂತ್ರ ಮಾರುವವರಿಂದ. ಈ ಕ್ಯಾಮೆರಾಗೆ ಬೇಕಾದ್ದು 1.35 ವೋಲ್ಟಿನ ಪಿಎಕ್ಸ್ 625 ಪಾದರಸದ ಬ್ಯಾಟರಿ. ಅದರ ತಯಾರಿಕೆ ನಿಂತು ಬಹಳ ಕಾಲವಾಯಿತು. ಅದೇ ಆಕಾರದ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮುಳ್ಳು ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ, ಚಿತ್ರ ಕಪ್ಪಾಗುತ್ತದೆ. ಬ್ಯಾಟರಿ ಸವೆದಂತೆ ತಪ್ಪೂ ಬದಲಾಗುವುದರಿಂದ ಲೆಕ್ಕ ಹಾಕಿ ತಿದ್ದಿಕೊಳ್ಳಲೂ ಆಗದು. ಕಿವಿಯಂತ್ರದ 675 ಜಿಂಕ್-ಏರ್ ಬಿಲ್ಲೆ ಸುಮಾರು 1.4 ವೋಲ್ಟನ್ನು ಕೊನೆಯವರೆಗೂ ಸಮವಾಗಿ ಕೊಡುತ್ತದೆ. ಅಗಲ 11.6 ಮಿ.ಮೀ. ಮಾತ್ರ, ಹಾಗಾಗಿ ಸುತ್ತ ನಲ್ಲಿಯ ರಬ್ಬರ್ ಉಂಗುರ ಹಾಕಿದರೆ ಗೂಡಿನ ನಡುವೆ ನಿಲ್ಲುತ್ತದೆ. ಸ್ಟಿಕ್ಕರ್ ಕಿತ್ತ ಮೇಲೆ ಬಳಸಲಿ ಬಿಡಲಿ ಅದು ಕೆಲವು ವಾರಗಳಲ್ಲಿ ಒಣಗುತ್ತದೆ. ಹುಡ್ಡು ತೆರೆದಾಗಲೇ ಮೀಟರ್ ಎದ್ದೇಳುವುದು, ಇದನ್ನು ತಿಳಿಯದೆ ಮೀಟರ್ ಸತ್ತಿದೆ ಎಂದು ಮಾರಿದವರೂ ಇದ್ದಾರೆ. ಸರಿಯಾಗಿದೆಯೇ ಎಂದು ನೋಡಲು ಮೋಡವಿಲ್ಲದ ಮಧ್ಯಾಹ್ನ 100 ಐಎಸ್‌ಒಗೆ ಇಟ್ಟರೆ ಎಫ್/16, 1/125ರ ಆಸುಪಾಸು ಬರಬೇಕು.

ಟೈಲರ್ ಅಕ್ಕ ಕೊಟ್ಟ ಕಪ್ಪು ಉಲ್ಲನ್ ದಾರ ಹಿಂಬಾಗಿಲಿನ ಕಿರು ಕಾಲುವೆಗಳಲ್ಲಿ ಕೂತಿದೆ. ಹಳೆಯ ಸ್ಪಂಜು ನಮ್ಮ ತೇವದ ಹವೆಗೆ ಟಾರಿನಂತೆ ಕರಗುತ್ತದೆ, ಉಲ್ಲನ್ ಕರಗುವುದಿಲ್ಲ. ಪರೀಕ್ಷೆಯ ರೋಲನ್ನು ಎಚ್ಚರದಿಂದ ತೊಳೆದು, ಚೌಕಗಳನ್ನು ಕತ್ತರಿಸದೆ ಉದ್ದಕ್ಕೇ ಕೊಟ್ಟ ಲ್ಯಾಬಿನವರಿಗೂ ವಂದನೆ. ಸೋರಿಕೆ ಹುಡುಕುವವರಿಗೆ ಅಂಚು ಸಮೇತ ಇಡೀ ಪಟ್ಟಿ ಬೇಕು. ಫಿಲ್ಮಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಚಿತ್ರದ ಮೇಲಂಚಿನ ಬಿಳಿ ಪಟ್ಟೆ ಎಂದರೆ ಕ್ಯಾಮೆರಾದ ತಳದಲ್ಲಿ ಸೋರಿಕೆ ಎಂದರ್ಥ.

ಸ್ಟುಡಿಯೊ ಯಜಮಾನರು ಕೊಟ್ಟ ಕ್ಯಾಮೆರಾದಲ್ಲಿ ವೈಂಡಿಂಗ್ ಹಿಡಿಕೆ, ಹುಡ್ಡು, ಹಿಂಬಾಗಿಲು, ಒತ್ತುತಟ್ಟೆ, ಒಂದು ಮುಷ್ಟಿ ಸ್ಕ್ರೂ ಇನ್ನೂ ಉಳಿದಿವೆ. ನಿಮ್ಮ 124 ಜಿಗೆ ಯಾವುದಾದರೂ ಬೇಕಿದ್ದರೆ ಕೇಳಿ, ಅಂಚೆ ಖರ್ಚಿಗೆ ಕಳಿಸುತ್ತೇವೆ. ಅವರ ಇಚ್ಛೆಯೂ ಅದೇ. ಕೆಳಗಿನ ಲೆನ್ಸನ್ನು ಮಾತ್ರ ಕೇಳಬೇಡಿ, ಅದನ್ನು ಫಂಗಸ್ ಪೂರ್ತಿ ತಿಂದಿದೆ.