ರೇಟ್ ಇಳಿಸೋ ಸ್ವಾತಂತ್ರ್ಯವೂ ಬೇಕು, ನಿಜವಾದ ರೇಟೂ ಕಾಣ್ಬೇಕು

ಮಾನ್ಯ ಸಂಪಾದಕರೇ,

ವಸ್ತುಗಳ ಬೆಲೆ ವಿಷಯ ಬಂದಾಗೆಲ್ಲ ಎರಡೇ ಮಾತು ಕೇಳಿಬರುತ್ತೆ, ಒಂದು ಸರ್ಕಾರವೇ ರೇಟ್ ಫಿಕ್ಸ್ ಮಾಡ್ಲಿ ಅಂತ, ಇನ್ನೊಂದು ಮಾರ್ಕೆಟ್‌ಗೆ ಬಿಟ್ಬಿಡಿ, ಪೈಪೋಟಿ ಇದ್ರೆ ರೇಟ್ ತಾನಾಗೇ ಇಳಿಯುತ್ತೆ ಅಂತ. ನನಗೆ ಎರಡನೇದೇ ಸರಿ ಅನ್ಸುತ್ತೆ, ಆದ್ರೆ ಅದು ನಡೀಬೇಕಂದ್ರೆ ಮಾರೋರಿಗೆ ರೇಟ್ ಇಳಿಸೋ ಸ್ವಾತಂತ್ರ್ಯ ಇರ್ಬೇಕು, ಕೊಳ್ಳೋರಿಗೆ ನಿಜವಾದ ರೇಟ್ ಕಣ್ಣಿಗೆ ಕಾಣ್ಬೇಕು. ಈಗ ಎರಡಕ್ಕೂ ಕುತ್ತು ಬಂದಿದೆ.

ತಯಾರಿಸೋ ಕಂಪನಿ ತನ್ನ ಡೀಲರ್‌ಗೆ ಇಷ್ಟಕ್ಕಿಂತ ಕಡಿಮೆಗೆ ಮಾರ್ಬೇಡ ಅಂತ ಕಟ್ಟುಪಾಡು ಹಾಕೋದನ್ನೇ ತಗೊಳ್ಳಿ. 2021ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ಕಾರಣಕ್ಕೆ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕ್ತು. ಕಂಪನಿಯವರು ಗಿರಾಕಿಗಳ ಥರ ಏಜೆನ್ಸಿಯವರನ್ನ ಶೋರೂಮ್‌ಗೆ ಕಳ್ಸಿ, ಜಾಸ್ತಿ ಡಿಸ್ಕೌಂಟ್ ಕೊಡ್ತಾರಾ ಅಂತ ನೋಡ್ಸಿ, ಆಡಿಯೋ ವಿಡಿಯೋ ಸಾಕ್ಷಿ ತರ್ಸಿ, ಆಮೇಲೆ ಆ ಡೀಲರ್‌ಗೆ ಈಮೇಲ್ ಹಾಕಿ ವಿವರಣೆ ಕೇಳ್ತಿದ್ರು, ಪೆನಾಲ್ಟಿ ಡೀಲರ್‌ಗೆ ಮಾತ್ರ ಅಲ್ಲ ಅಲ್ಲಿ ಕೆಲಸ ಮಾಡೋ ಸೇಲ್ಸ್‌ನವರ ಮೇಲೂ ಬೀಳ್ತಿತ್ತು ಅಂತ ಆಯೋಗ ಹೇಳಿತ್ತು. (ಕಂಪನಿ ಮೇಲ್ಮನವಿ ಹೋಯ್ತು.) ಗಿರಾಕಿಗೆ ನಾಲ್ಕು ಕಾಸು ಉಳಿಸಿಕೊಟ್ಟಿದ್ದಕ್ಕೆ ದಂಡ ಅಂದ್ರೆ ಏನು ಹೇಳೋಣ.

ಕಂಪನಿಗಳ ಕಡೆಯಿಂದ್ಲೂ ಒಂದು ವಾದ ಇದೆ, ಅದನ್ನ ತಳ್ಳಿಹಾಕೋಕಾಗಲ್ಲ. ಡೆಮೋ ಕೊಟ್ಟು ಎಲ್ಲಾ ವಿವರಿಸೋ ಅಂಗಡೀಲಿ ತಿಳ್ಕೊಂಡು, ಏನೂ ಖರ್ಚು ಮಾಡದ ಇನ್ನೊಬ್ಬರ ಹತ್ರ ಕಮ್ಮಿಗೆ ತಗೊಂಡ್ರೆ ಮೊದಲನೆಯವರು ಬದುಕೋದು ಹೇಗೆ ಅಂತ. ಅಮೆರಿಕದ ಸುಪ್ರೀಂ ಕೋರ್ಟ್ 1911ರಿಂದ ಇಂಥ ಕನಿಷ್ಠ ಬೆಲೆ ಒಪ್ಪಂದಗಳು ಸಾರಾಸಗಟಾಗಿ ಅಕ್ರಮ ಅಂತಿದ್ದದ್ದು, 2007ರಲ್ಲಿ 5-4 ಬಹುಮತದಿಂದ, ಕೇಸ್ ಕೇಸಿಗೂ ಪರಿಣಾಮ ನೋಡಿ ತೀರ್ಮಾನಿಸಿ ಅಂತ ಬದಲಾಯಿಸ್ತು. ನಮ್ಮ 2002ರ ಸ್ಪರ್ಧಾ ಕಾಯ್ದೆನೂ ಪೈಪೋಟಿಗೆ ಧಕ್ಕೆ ಆಗಿದ್ಯಾ ಅಂತಲೇ ನೋಡುತ್ತೆ. ನೋಡ್ಲಿ. ಆದ್ರೆ ಡೆಮೋ ಖರ್ಚನ್ನ ಕಂಪನಿಯೇ ಡೀಲರ್‌ಗೆ ಬೇರೆ ಕೊಡ್ಬಹುದಲ್ವಾ, ಅದಕ್ಕೆ ಎಲ್ಲರ ಡಿಸ್ಕೌಂಟ್‌ಗೂ ಕತ್ತರಿ ಹಾಕ್ಬೇಕಾ?

ಇನ್ನು ಆನ್‌ಲೈನ್ ಕಥೆ. ದೊಡ್ಡ ರೇಟ್ ಹಾಕಿ ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ 70% ಆಫ್ ಅಂತಾರೆ, ಆ ಗೆರೆ ಎಳೆದ ರೇಟಿಗೆ ಒಬ್ರಾದ್ರೂ ಯಾವತ್ತಾದ್ರೂ ತಗೊಂಡಿದ್ರಾ ಅಂತ ತಿಳ್ಕೊಳ್ಳೋ ದಾರಿನೇ ಇಲ್ಲ. ಅಡ್ರೆಸ್ ಹಾಕಿ ಪೇಮೆಂಟ್ ಪೇಜ್‌ಗೆ ಬಂದ್ಮೇಲೆ ಪ್ಲಾಟ್‌ಫಾರ್ಮ್ ಫೀ, ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದೊಂದೇ ಸೇರ್ಕೊಳ್ಳುತ್ತೆ, ಅಷ್ಟೊತ್ತಿಗೆ ವಾಪಸ್ ಹೋಗಿ ಬೇರೆ ಕಡೆ ರೇಟ್ ನೋಡೋ ತಾಳ್ಮೆ ಯಾರಿಗಿರುತ್ತೆ. ಇದ್ರಲ್ಲಿ ಏಟು ತಿನ್ನೋದು ಗ್ರಾಹಕರಷ್ಟೇ ಅಂದ್ಕೋಬೇಡಿ, ಮೊದಲೇ ಪೂರ್ತಿ ರೇಟ್ ತೋರಿಸೋ ಪ್ರಾಮಾಣಿಕ ವ್ಯಾಪಾರಿ ಲಿಸ್ಟಲ್ಲಿ ದುಬಾರಿಯಾಗಿ ಕಾಣ್ತಾರೆ, ಗಿರಾಕಿ ಅವರನ್ನ ದಾಟಿ ಮುಂದೆ ಹೋಗ್ತಾರೆ, ಸುಳ್ಳು ಹೇಳಿದವರೇ ಪೈಪೋಟಿ ಗೆಲ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ ತಿಂಗಳಿಂದ ರಿಯಾಯಿತಿ ಅಂತ ಹಾಕಿದ್ರೆ ಹಿಂದಿನ 30 ದಿನದ ಅತಿ ಕಡಿಮೆ ಬೆಲೆಯನ್ನೂ ಹೇಳ್ಬೇಕು. ನಮ್ಮಲ್ಲಿ 2023ರ ಮಾರ್ಗಸೂಚಿ ಪಟ್ಟಿ ಮಾಡಿರೋ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ, ಅಂದ್ರೆ ಆನ್‌ಲೈನ್‌ನಲ್ಲಿ ಗಿರಾಕಿಯನ್ನ ದಾರಿ ತಪ್ಪಿಸೋ ತಂತ್ರಗಳಲ್ಲಿ, ಹೀಗೆ ಕೊನೇಲಿ ಚಾರ್ಜ್ ಸೇರ್ಸೋದೂ ಒಂದು.

ಹಾಗಂತ ರೇಟ್ ಇಳಿಸಿದವರನ್ನೆಲ್ಲ ಅನುಮಾನದಿಂದ ನೋಡೋದೂ ತಪ್ಪು. ಮಾರ್ಕೆಟ್ಟನ್ನ ಕೈಯಲ್ಲಿಟ್ಕೊಂಡಿರೋ ಕಂಪನಿ ವೆಚ್ಚಕ್ಕಿಂತ ಕಮ್ಮಿಗೆ ಮಾರಿ ಎದುರಾಳಿಗಳನ್ನ ಮುಚ್ಚಿಸೋಕೆ ಹೊರಟಾಗ ಮಾತ್ರ ಕಾನೂನು ಮಧ್ಯ ಬರ್ಲಿ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಪೈಪೋಟಿ, ಗ್ರಾಹಕ ರಕ್ಷಣೆ ಎರಡನ್ನೂ ನೋಡ್ಕೊಳ್ಳೋ ಸಂಸ್ಥೆಗಳಿವೆ. ನಮ್ಮಲ್ಲಿ ಸ್ಪರ್ಧಾ ಆಯೋಗ ಬೇರೆ, 2020ರಲ್ಲಿ ಶುರುವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬೇರೆ. ಸುಳ್ಳು ರೇಟಿನ ದೂರು ಒಂದು ಕಡೆ ಬಂದ್ರೆ ಅದರ ಕಾಪಿ ಇನ್ನೊಂದು ಕಡೆಗೂ ತಾನಾಗೇ ಹೋಗೋ ಹಾಗೆ ಮಾಡಿ, 30 ದಿನದ ನಿಯಮವನ್ನ ಇಲ್ಲೂ ತನ್ನಿ ಅಂತ ನಿಮ್ಮ ಪತ್ರಿಕೆ ಮೂಲಕ ಸರ್ಕಾರವನ್ನ ಕೇಳ್ಕೊಳ್ತೀನಿ.

ಇಂತಿ,
ಒಬ್ಬ ಓದುಗ